ಕೌದಿ ಹೊಲಿಯುವಾಗ ದಾರ ಪದೇ ಪದೇ ಕಡಿಯುತ್ತಾ? ಸ್ಕ್ರೂ ತಿರುವೋ ಮೊದಲು ಕಡಿದ ತುದಿ ನೋಡಿ

ಮಳೆ, ಚಳಿ ಹತ್ತಿರ ಬಂತು ಅಂದ್ರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಟ್ರಂಕಿನಿಂದ ಹಳೇ ಸೀರೆ, ಧೋತರ ಹೊರಗೆ ಬರುತ್ತವೆ. ಕೌದಿ ಆಗಬೇಕು. ಮೊದಲೆಲ್ಲ ಓಣಿಯ ಹಿರಿಯ ಹೆಣ್ಣುಮಕ್ಕಳು ಕಟ್ಟೆ ಮೇಲೆ ಕೂತು ಕೈಯಲ್ಲೇ ಹೊಲೀತಿದ್ದರು. ಈಗ ಟೇಲರ್ ಅಂಗಡಿಗೆ, ಮನೇಲಿ ಮೆಷಿನ್ ಇಟ್ಟುಕೊಂಡವರಿಗೆ ಕೊಟ್ಟು ಹೊಲಿಸೋರೂ ಇದ್ದಾರೆ. ಅಲ್ಲಿ ಶುರುವಾಗೋದೇ ದಾರದ ತಾಪತ್ರಯ. ಬ್ಲೌಸ್, ಲಂಗ ಹೊಲಿಯುವಾಗ ಸುಮ್ಮನಿದ್ದ ಮೆಷಿನ್, ಕೌದಿ ಇಟ್ಟ ಕೂಡಲೇ ಗೇಣಿಗೊಮ್ಮೆ ದಾರ ಕಡಿಯುತ್ತದೆ.

ಇದು ಸಣ್ಣ ಕಿರಿಕಿರಿ ಅಲ್ಲ. ಕೌದಿಗೆ ಕೂಲಿ ಸಿಗೋದು ಒಂದಕ್ಕೆ ಇಷ್ಟು ಅಂತ, ಗಂಟೆ ಲೆಕ್ಕದಲ್ಲಿ ಅಲ್ಲ. ದಾರ ಕಡಿದಾಗಲೆಲ್ಲ ನಿಲ್ಲಿಸಬೇಕು, ಮತ್ತೆ ಪೋಣಿಸಬೇಕು, ಬಿಟ್ಟ ಜಾಗದಿಂದ ಶುರು ಮಾಡಬೇಕು. ಹಾಗೆ ತುಂಡು ತುಂಡಾಗಿ ಸೇರಿಸಿದ ಹೊಲಿಗೆಯೇ ಒಗೆದಾಗ ಮೊದಲು ಬಿಚ್ಚಿಕೊಳ್ಳುತ್ತದೆ. ಗಿರಾಕಿ ತಂದುಕೊಟ್ಟದ್ದು ತೀರಿಹೋದ ಅವ್ವನ ಸೀರೆ ಆಗಿದ್ದರೆ, ಹಾಳಾದ ಬಟ್ಟೆಗೆ ಬದಲಿ ಕೊಡೋಕೂ ಆಗಲ್ಲ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೇಲರ್ ಕೆಲಸವೂ ಇದೆ. ಉಪಕರಣಕ್ಕೆ ₹15,000ದವರೆಗೆ ನೆರವು ಸಿಗುತ್ತದೆ. ಹೊಸ ಮೆಷಿನ್ ಮನೆಗೆ ಬಂದರೂ, ದಾರ ಯಾಕೆ ಕಡಿಯುತ್ತೆ ಅನ್ನೋದು ಗೊತ್ತಿಲ್ಲದಿದ್ದರೆ ಅದು ಮೂಲೆ ಸೇರುತ್ತದೆ.

ಕೈಯಲ್ಲಿ ಕಡಿಯದ ದಾರ ಮೆಷಿನ್‌ನಲ್ಲಿ ಯಾಕೆ ಕಡಿಯುತ್ತೆ?

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೈಹೊಲಿಗೆಯ ಕೌದಿ ಹೆಸರುವಾಸಿ. ಕೈಹೊಲಿಗೆಯಲ್ಲಿ ಸೂಜಿಯ ಕಣ್ಣಿನಲ್ಲಿ ದಾರ ಸುಮ್ಮನೆ ಸಿಕ್ಕಿಕೊಂಡು ಹೋಗುತ್ತದೆ, ಕಣ್ಣಿಗೆ ಉಜ್ಜೋದು ಕಡಿಮೆ.

ಮೆಷಿನ್‌ನಲ್ಲಿ ಹಾಗಲ್ಲ. ಪ್ರತಿ ಹೊಲಿಗೆಗೂ ಮೇಲಿನ ದಾರ ಕೆಳಗೆ ಹೋಗಿ, ಶಟಲ್ ಸುತ್ತಿ ಬಂದು, ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೀಗಾಗಿ ದಾರದ ಒಂದೇ ಜಾಗ ಬಟ್ಟೆಯಲ್ಲಿ ಕೂರುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಮೇಲೆ ಕೆಳಗೆ ಉಜ್ಜಿಕೊಂಡಿರುತ್ತದೆ. ಬ್ಲೌಸ್ ಬಟ್ಟೆ ತೆಳು, ಉಜ್ಜಾಟ ಕಡಿಮೆ, ಹೇಗೋ ನಡೆಯುತ್ತೆ. ಐದಾರು ಪದರದ ಕೌದಿಯಲ್ಲಿ ಅದೇ ದಾರ ದಪ್ಪ ಬಟ್ಟೆ ತೂರಿ ಹೋಗಬೇಕು. ಸೂಜಿಯಲ್ಲಿ, ಪ್ಲೇಟಿನಲ್ಲಿ ಇದ್ದ ಸಣ್ಣ ದೋಷವೆಲ್ಲ ಆಗ ಹೊರಗೆ ಬೀಳುತ್ತದೆ.

ಕಡಿದ ತುದಿಯೇ ಹೇಳುತ್ತೆ

ದಾರ ಕಡಿದ ಕೂಡಲೇ ಎಲ್ಲರ ಕೈ ಹೋಗೋದು ಟೆನ್ಷನ್ ಸ್ಕ್ರೂ ಮೇಲೆ. ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ. ಕೊನೆಗೆ ಮೊದಲು ಎಲ್ಲಿತ್ತು ಅನ್ನೋದೇ ಮರೆತುಹೋಗುತ್ತೆ. ಅದರ ಬದಲು ಕಡಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು.

* ತುದಿ ಎಳೆ ಎಳೆಯಾಗಿ ಬಿಚ್ಚಿ, ಹಿಂಜಿದ ಹತ್ತಿ ಥರ ಆಗಿದ್ದರೆ: ದಾರ ಎಲ್ಲೋ ಉಜ್ಜಿ ಸವೆದಿದೆ. ಮೊದಲ ಅನುಮಾನ ಸೂಜಿ ಮೇಲೆ.
* ಚಟ್ಟನೆ ತುಂಡಾಗಿದ್ದರೆ: ದಾರ ಎಲ್ಲೋ ಸಿಕ್ಕಿಕೊಂಡಿದೆ, ಟೆನ್ಷನ್ ಬಿಗಿಯಾಗಿದೆ, ಇಲ್ಲವೇ ದಾರವೇ ಹಳೇದು.
* ಕೆಳಗಿನ ದಾರ ಮಾತ್ರ ಕಡಿಯುತ್ತಿದ್ದರೆ: ಬಾಬಿನ್ ಮತ್ತು ಬಾಬಿನ್ ಕೇಸ್ ನೋಡಬೇಕು. ಮೇಲಿನ ಸ್ಕ್ರೂ ಮುಟ್ಟೋದು ಬೇಡ.
* ಸೀರೆ ಅಂಚು, ಜೋಡಣೆ ಬಂದ ಕಡೆ ಮಾತ್ರ ಕಡಿಯುತ್ತಿದ್ದರೆ: ಅಲ್ಲಿ ದಪ್ಪ ಜಾಸ್ತಿ. ಮೆಷಿನ್‌ನ ತಪ್ಪು ಇರಲಿಕ್ಕಿಲ್ಲ.

ಮೊದಲು ಸೂಜಿ ಬದಲಿಸಿ

ಇಡೀ ಮೆಷಿನ್‌ನಲ್ಲಿ ಅಗ್ಗದ ಸಾಮಾನು ಸೂಜಿ. ಮುರಿಯೋವರೆಗೂ ಬದಲಿಸದೆ ಓಡಿಸೋದೂ ಅದನ್ನೇ. ಮೊಂಡಾದ, ಕಣ್ಣಿಗೆ ಕಾಣದಷ್ಟು ಬಾಗಿದ ಸೂಜಿ ದಾರವನ್ನು ಸವೆಸುತ್ತದೆ. ಒಂದು ಕೌದಿ ಶುರು ಮಾಡುವಾಗ ಹೊಸ ಸೂಜಿ ಹಾಕೋದು ಒಳ್ಳೇದು.

ನಂಬರ್ ಕೂಡ ಮುಖ್ಯ. 14 ನಂಬರ್ ಸೂಜಿಯ ದಪ್ಪ 0.9 ಮಿ.ಮೀ., 16 ನಂಬರಿನದು 1 ಮಿ.ಮೀ., 18 ನಂಬರಿನದು 1.1 ಮಿ.ಮೀ. ಬ್ಲೌಸಿಗೆ ಹಾಕಿದ್ದ ಸಣ್ಣ ಸೂಜಿಯಲ್ಲೇ ಕೌದಿಗೆ ಇಳಿದರೆ ರಂಧ್ರ ಚಿಕ್ಕದಾಗಿ ದಾರ ಬಟ್ಟೆಗೆ ಉಜ್ಜುತ್ತದೆ. ಕಾಟನ್ ಸೀರೆಯ ಕೌದಿಗೆ 16, ಪದರ ಜಾಸ್ತಿ ಇದ್ದರೆ ಅಥವಾ ದಾರ ದಪ್ಪ ಇದ್ದರೆ 18 ಹಾಕಿ ನೋಡಬೇಕು.

ದಾರಕ್ಕೂ ಸೂಜಿಗೂ ಹೊಂದುತ್ತಾ ಅಂತ ನೋಡೋಕೆ ಸುಲಭದ ದಾರಿ ಇದೆ. ಬಿಡಿ ಸೂಜಿಗೆ ಒಂದು ಅಡಿ ದಾರ ಪೋಣಿಸಿ, ದಾರದ ಎರಡೂ ತುದಿ ಬಿಗಿಯಾಗಿ ಹಿಡಿದು ಓರೆ ಮಾಡಿ. ಸೂಜಿ ತಾನಾಗೇ ಜಾರಿ ಕೆಳಗೆ ಬರಬೇಕು. ನಡುವೆ ಸಿಕ್ಕಿಕೊಂಡರೆ ಆ ದಾರಕ್ಕೆ ಆ ಕಣ್ಣು ಸಣ್ಣದು.

ಸೂಜಿ ಕೂರಿಸುವ ದಿಕ್ಕು ತಪ್ಪಿದರೂ ದಾರ ಕಡಿಯುತ್ತೆ. ಮನೆ ಮೆಷಿನ್ ಸೂಜಿಯ ತಲೆ ಒಂದು ಕಡೆ ಚಪ್ಪಟೆ ಇರುತ್ತೆ. ಅದರ ಎದುರು ಬದಿಯಲ್ಲಿ ಉದ್ದಕ್ಕೆ ಒಂದು ಗೀರು ಇರುತ್ತೆ, ಉಗುರು ಆಡಿಸಿದರೆ ಗೊತ್ತಾಗುತ್ತೆ. ದಾರವನ್ನು ಯಾವಾಗಲೂ ಆ ಗೀರು ಇರುವ ಕಡೆಯಿಂದಲೇ ಪೋಣಿಸಬೇಕು. ಸೂಜಿ ಕೆಳಗೆ ಇಳಿಯುವಾಗ ದಾರ ಆ ಗೀರಿನಲ್ಲಿ ಅಡಗಿಕೊಳ್ಳುತ್ತದೆ. ಸೂಜಿಯನ್ನು ಪೂರ್ತಿ ಮೇಲಕ್ಕೆ ಒತ್ತಿ ಸ್ಕ್ರೂ ಬಿಗಿ ಮಾಡೋದು ಮರೆಯಬಾರದು.

ಕೌದಿಯ ಭಾರ, ಕೈಯ ಎಳೆತ

ಕೌದಿಗೇ ಇರೋ ಸಮಸ್ಯೆ ಇದು. ಅರ್ಧ ಹೊಲಿದ ಕೌದಿ ಟೇಬಲ್ ಕೆಳಗೆ ಜೋತುಬಿದ್ದಾಗ ಅದರ ಭಾರ ಬಟ್ಟೆಯನ್ನು ಎಳೆಯುತ್ತದೆ. ಬಟ್ಟೆ ಜೊತೆ ಸೂಜಿಯೂ ಬಾಗುತ್ತದೆ, ಪ್ಲೇಟಿನ ರಂಧ್ರದ ಅಂಚಿಗೆ ತಾಗುತ್ತದೆ. ಬೇಗ ಮುಗೀಲಿ ಅಂತ ಹಿಂದಿನಿಂದ ಕೈಯಲ್ಲಿ ಎಳೆದರೂ ಇದೇ ಗತಿ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಮೆಷಿನ್ ಪಕ್ಕ, ಹಿಂದೆ ಅದೇ ಎತ್ತರದ ಸ್ಟೂಲ್, ಬೆಂಚು ಇಟ್ಟು ಕೌದಿಯನ್ನು ಅದರ ಮೇಲೆ ಹರಡಬೇಕು. ಬಟ್ಟೆಯನ್ನು ಮುಂದಕ್ಕೆ ತಳ್ಳೋ ಕೆಲಸ ಮೆಷಿನ್‌ನ ಹಲ್ಲುಗಳದ್ದು, ಕೈ ದಾರಿ ತೋರಿಸಿದರೆ ಸಾಕು. ದಪ್ಪ ಜೋಡಣೆ ಬಂದಾಗ ತುಳಿಯೋದು ನಿಲ್ಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಬೇಕು. ಹೊಲಿಗೆಯನ್ನೂ ಸ್ವಲ್ಪ ದೊಡ್ಡದು ಮಾಡಿ, ಇಂಚಿಗೆ ಏಳೆಂಟು ಬಂದರೆ ಕೌದಿಗೆ ಧಾರಾಳ.

ಗಂಜಿ ಹಾಕಿದ ಸೀರೆ ಆದರೆ ಒಗೆದು ಒಣಗಿಸಿಯೇ ಹೊಲಿಯಬೇಕು, ಗಂಜಿ ಸೂಜಿಗೆ ಅಂಟುತ್ತದೆ. ಜರಿ ಅಂಚು ದಾರವನ್ನು ಉಜ್ಜುತ್ತದೆ, ಆದಷ್ಟೂ ಅದರ ಮೇಲೆ ಹೊಲಿಗೆ ಹೋಗದ ಹಾಗೆ ಸೀರೆ ಮಡಚಿಕೊಳ್ಳಬೇಕು.

ದಾರದ ದಾರಿ

ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿದರೇ ಎಷ್ಟೋ ಸಲ ಸಮಸ್ಯೆ ಮುಗಿಯುತ್ತೆ. ಪೋಣಿಸುವಾಗ ಬಟ್ಟೆ ಒತ್ತುವ ಪಾದ ಮೇಲೆತ್ತಿರಬೇಕು. ಆಗಲೇ ಟೆನ್ಷನ್ ಬಿಲ್ಲೆಗಳು ಸಡಿಲಾಗಿ ದಾರ ನಡುವೆ ಸರಿಯಾಗಿ ಕೂರೋದು. ದೊಡ್ಡ ಕೋನ್ ದಾರವನ್ನು ಸಣ್ಣ ಕಡ್ಡಿಗೆ ಸಿಕ್ಕಿಸಿದರೆ ಅದು ಓಲಾಡಿ ದಾರ ಕಡ್ಡಿಗೇ ಸುತ್ತಿಕೊಳ್ಳುತ್ತೆ. ಮೆಷಿನ್ ಹಿಂದೆ ಒಂದು ಲೋಟದಲ್ಲಿ ಇಟ್ಟರೆ ಸರಾಗ ಬರುತ್ತೆ.

ಹೊಲಿಗೆ ಶುರು ಮಾಡುವಾಗ ದಾರ ಎಳೆಯುವ ಲಿವರ್ ಮೇಲಿರಬೇಕು, ಎರಡೂ ದಾರದ ತುದಿ ಪಾದದ ಹಿಂದೆ ಹಿಡಿದಿರಬೇಕು. ಕಾಲು ಮೆಷಿನ್‌ನಲ್ಲಿ ಚಕ್ರ ಒಮ್ಮೆ ಹಿಂದಕ್ಕೆ ತಿರುಗಿದರೂ ದಾರ ಕಡಿಯುತ್ತೆ. ಮೊದಲ ಸುತ್ತು ಕೈಯಲ್ಲೇ, ತನ್ನ ಕಡೆಗೆ ತಿರುಗಿಸಿ ಆಮೇಲೆ ತುಳಿಯಬೇಕು.

ಕಸ, ಎಣ್ಣೆ, ಬಾಬಿನ್

ಹಳೇ ಕಾಟನ್ ಬಟ್ಟೆ ಧೂಳಿನ ಹಾಗೆ ಹತ್ತಿ ಉದುರಿಸುತ್ತೆ. ಅದು ಹೋಗಿ ಶಟಲ್‌ನಲ್ಲಿ, ಬಾಬಿನ್ ಕೇಸಿನ ಪಟ್ಟಿ ಅಡಿಯಲ್ಲಿ ಕೂರುತ್ತೆ. ಬಾಬಿನ್ ಬದಲಿಸಿದಾಗಲೆಲ್ಲ ಒಂದು ಹಳೇ ಬ್ರಷ್‌ನಿಂದ ಒರೆಸಬೇಕು. ಎಣ್ಣೆ ಒಂದೆರಡು ಹನಿ ಸಾಕು, ಅದೂ ಮೆಷಿನ್ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಬಿಟ್ಟರೆ ಕೆಲವು ದಿನಕ್ಕೆ ಅಂಟಾಗಿ ಹತ್ತಿಯನ್ನು ಹಿಡಿದು ಕೂರಿಸುತ್ತೆ. ಎಣ್ಣೆ ಹಾಕಿದ ಮೇಲೆ ಮೊದಲು ಚಿಂದಿ ಬಟ್ಟೆ ಮೇಲೆ ಹೊಲಿದರೆ ಗಿರಾಕಿಯ ಸೀರೆಗೆ ಕಲೆ ಆಗಲ್ಲ.

ಬಾಬಿನ್‌ಗೆ ದಾರ ಸಮವಾಗಿ ಸುತ್ತಿರಬೇಕು, ಅಂಚು ಮೀರಿ ತುಂಬಬಾರದು. ಬಾಬಿನ್ ಕೇಸನ್ನು ದಾರದಲ್ಲಿ ನೇತುಹಾಕಿ ಮೆಲ್ಲಗೆ ಜಗ್ಗಿದರೆ ಸ್ವಲ್ಪ ಇಳಿದು ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲು, ಅಲ್ಲಾಡದಿದ್ದರೆ ಬಿಗಿ.

ಈಗ ಟೆನ್ಷನ್

ಇಷ್ಟೂ ಆದಮೇಲೆ ಸ್ಕ್ರೂ ಸರದಿ. ಅದೇ ಕೌದಿಯಷ್ಟು ಪದರದ ಚಿಂದಿ ಮೇಲೆ ನಾಲ್ಕು ಇಂಚು ಹೊಲಿದು ನೋಡಬೇಕು. ಮೇಲಿನ, ಕೆಳಗಿನ ದಾರದ ಗಂಟು ಪದರಗಳ ನಡುವೆ ಅಡಗಿರಬೇಕು. ಕೆಳಗಿನ ದಾರ ಮೇಲೆ ಚುಕ್ಕಿ ಚುಕ್ಕಿಯಾಗಿ ಕಂಡರೆ ಮೇಲಿನ ಟೆನ್ಷನ್ ಬಿಗಿ, ಸಡಿಲಿಸಬೇಕು. ಕಾಲು ಸುತ್ತು ತಿರುಗಿಸಿ, ಹೊಲಿದು ನೋಡಿ, ಬೇಕಾದರೆ ಮತ್ತೆ ಕಾಲು ಸುತ್ತು. ಮೊದಲಿದ್ದ ಜಾಗವನ್ನು ಪೆನ್ನಿನಿಂದ ಗುರುತು ಮಾಡಿಕೊಂಡರೆ, ಬ್ಲೌಸ್ ಹೊಲಿಯುವಾಗ ವಾಪಸ್ ತರೋದು ಸುಲಭ.

ಮೆಕ್ಯಾನಿಕ್ ಯಾವಾಗ?

ಸೂಜಿ ಮುರಿದಿದ್ದ ಮೆಷಿನ್ ಆದರೆ ಪ್ಲೇಟಿನ ರಂಧ್ರದ ಅಂಚಿಗೆ ಗೀಚು ಬಿದ್ದಿರಬಹುದು. ಹಳೇ ನೈಲಾನ್ ಬಟ್ಟೆ ಅಥವಾ ಹತ್ತಿ ಎಳೆ ಆಡಿಸಿದರೆ ಗೀಚು ಇದ್ದ ಕಡೆ ಸಿಕ್ಕಿಕೊಳ್ಳುತ್ತೆ. ಸಣ್ಣದಾದರೆ ತೀರಾ ನಯವಾದ ಎಮರಿ ಪೇಪರ್‌ನಿಂದ ಉಜ್ಜಬಹುದು, ದೊಡ್ಡದಾದರೆ ಪ್ಲೇಟು ಬದಲಿಸಬೇಕು. ಸೂಜಿ, ದಾರ ಎಲ್ಲ ಹೊಸದಿದ್ದೂ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದ್ದರೆ ಸೂಜಿ ಮತ್ತು ಶಟಲ್‌ನ ಟೈಮಿಂಗ್ ತಪ್ಪಿದೆ ಅನ್ನಬಹುದು. ಅದು ಮೆಕ್ಯಾನಿಕ್ ಕೆಲಸ. ಏನೇನು ಬದಲಿಸಿ ನೋಡಿದ್ದೀರಿ, ದಾರದ ತುದಿ ಹೇಗಿತ್ತು ಅಂತ ಹೇಳಿದರೆ ಅವರ ಸಮಯವೂ ಉಳಿಯುತ್ತೆ.

ಅಂಗಡಿಯವರಿಗೆ ಒಂದು ಮಾತು

ದಾರದ ರೀಲುಗಳನ್ನು ಬಿಸಿಲು ಬೀಳುವ ಗಾಜಿನ ಶೋಕೇಸಿನಲ್ಲಿ ವರ್ಷಗಟ್ಟಲೆ ಇಟ್ಟರೆ ಬಣ್ಣದ ಜೊತೆ ಬಲವೂ ಹೋಗುತ್ತೆ. ಕೊಳ್ಳುವವರು ಒಂದು ಮೊಳ ಬಿಚ್ಚಿ ಎರಡೂ ಕೈಯಲ್ಲಿ ಜಗ್ಗಿ ನೋಡಲಿ, ಬೇಡ ಅನ್ನಬೇಡಿ. ಸೂಜಿ ಕೇಳಿದವರಿಗೆ ಯಾವ ಮೆಷಿನ್, ಏನು ಹೊಲೀತೀರಿ ಅಂತ ಕೇಳಿ ಕೊಡಿ. ಮನೆ ಮೆಷಿನ್‌ಗೆ ಚಪ್ಪಟೆ ತಲೆಯ ಸೂಜಿ, ಪವರ್ ಮೆಷಿನ್‌ಗೆ ಸಾಮಾನ್ಯವಾಗಿ ದುಂಡು ತಲೆಯದ್ದು. 14ರ ಜೊತೆಗೆ 16, 18 ನಂಬರಿನದೂ ಅಂಗಡಿಯಲ್ಲಿದ್ದರೆ ಕೌದಿ ಹೊಲಿಯುವವರು ಒಂದು ಸೂಜಿಗಾಗಿ ಬಸ್ ಹತ್ತಿ ಊರೂರು ಅಲೆಯೋದು ತಪ್ಪುತ್ತೆ.