ಅಡಿಕೆ ಚಟ ಮತ್ತು ಬಾಯಿಯ ಬಿಗಿತ

ಊಟವಾದ ಮೇಲೆ ಎಲೆ-ಅಡಿಕೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ದಿನವಿಡೀ ಅಡಿಕೆ, ಗುಟ್ಕಾ ಅಗಿಯುವವರಿಗೆ ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಬರಬರುತ್ತ ಕೆನ್ನೆಯ ಒಳಭಾಗ ಬಿಳುಪೇರಿ ಹುರಿಯಂತೆ ಬಿಗಿಯುತ್ತದೆ. ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಡಿಕೆಯಲ್ಲಿರುವ ಸತ್ವವು ಒಳಚರ್ಮದ ಕೆಳಗೆ ನಾರನ್ನು ಅತಿಯಾಗಿ ಬೆಳೆಸುವುದೇ ಇದಕ್ಕೆ ಕಾರಣ.

ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುವುದೇಕೆ? ನಮ್ಮ ಜೀವಕೋಶಗಳಲ್ಲಿ ‘ಪಿ53’ ಎಂಬ ವಂಶವಾಹಿಯಿದೆ. ಅದು ಹೊಲದಲ್ಲಿ ಕಳೆ ತೆಗೆಯುವ ಆಳಿದ್ದಂತೆ. ಕೆಟ್ಟ ಕೋಶ ಬೆಳೆಯದಂತೆ ಅದು ತಡೆಯುತ್ತದೆ, ಸರಿಪಡಿಸಲಾಗದಿದ್ದರೆ ಸಾಯಿಸುತ್ತದೆ. ಅಡಿಕೆ, ತಂಬಾಕುಗಳ ವಿಷದಿಂದ ಈ ವಂಶವಾಹಿಯೇ ಕೆಟ್ಟರೆ, ಕೆಟ್ಟ ಕೋಶಗಳು ಕಳೆಯಂತೆ ಹಬ್ಬುತ್ತವೆ. ಅದೇ ಕ್ಯಾನ್ಸರ್.

2013ರಲ್ಲಿ ಕರ್ನಾಟಕ ಸರಕಾರವು ಗುಟ್ಕಾ ನಿಷೇಧಿಸಿತು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಪ್ರಕಟಿಸಿದೆ.

ಹಲವಾಗಲು ಭಾಗದ ರೈತ ಬಾಂಧವರೇ, ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿರಿ. ಹಿಡಿಸದಿದ್ದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ತಡಮಾಡದೆ ಹರಪನಹಳ್ಳಿಯ ಸರಕಾರಿ ಆಸ್ಪತ್ರೆಗೆ ಹೋಗಿರಿ. ಬೆಳೆದ ನಾರು ತಾನಾಗಿ ಕರಗದು; ಆದರೆ ಚಟವನ್ನು ಇಂದೇ ಬಿಟ್ಟರೆ ಮುಂದಿನ ಕೇಡು ತಗ್ಗುವುದು.