ಉಪ್ಪಿನ ಪೊಟ್ಟಣದ ಮೇಲೊಂದು ತಾರೀಕು

ಮುಂದಿನ ಸಲ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚೆಗೂ ಕೊಂಚ ಕಡಿಮೆ. ನಾಲ್ವರಿರುವ ಮನೆಗೆ ದಿನಕ್ಕೆ 20 ಗ್ರಾಂ. ಕಿಲೋ ಉಪ್ಪು 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8 ಗ್ರಾಂ ದಾಟಿತು. ತರಕಾರಿ ತೊಳೆಯಲು ಬಳಸಿದ್ದು, ಮಿಕ್ಕ ಸಾರಿನ ಜೊತೆ ಚೆಲ್ಲಿದ್ದು ಎಂದು ಒಂದಿಷ್ಟು ಕಳೆಯಿರಿ. ಆದರೆ ಬೇಕರಿಯ ಖಾರಾ ಬಿಸ್ಕತ್ತು, ಹೋಟೆಲಿನ ಸಾಂಬಾರು, ಅಂಗಡಿಯ ಹಪ್ಪಳ ಈ ಲೆಕ್ಕಕ್ಕೆ ಬಂದೇ ಇಲ್ಲ.

ಉಪ್ಪು ಮಿತಿ ಮೀರಿದರೆ ಹೃದಯಕ್ಕೆ ಹೊರೆ. ಆದರೆ ಹೃದಯದ ಮಾತು ಬಂದಾಗ ನಮ್ಮ ಕಿವಿಗೆ ಬೀಳುವುದು ಬೇರೆಯೇ ಸಲಹೆಗಳು: ಅನ್ನ ಬಿಡಿ, ಬರೀ ಕೊಬ್ಬು ತಿನ್ನಿ, ಬೆಳಿಗ್ಗೆ ಇಂಥ ಕಷಾಯ ಕುಡಿಯಿರಿ. ಇಂಥ ಪಥ್ಯಗಳಿಂದ ತೂಕ ಇಳಿದವರು ಇದ್ದಾರೆ, ನಿಜ. ತೂಕ ಇಳಿಯುವುದು ಬೇರೆ, ಹೃದಯಾಘಾತ ತಪ್ಪುವುದು ಬೇರೆ. ಎರಡನೆಯದು ಖಚಿತವಾಗಬೇಕಾದರೆ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು.

ಉಪ್ಪಿನ ವಿಷಯದಲ್ಲಿ ಅಂಥ ಕೆಲಸ ಆಗಿದೆ. 2014ರಲ್ಲಿ ಉತ್ತರ ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರನ್ನು ಆರಿಸಿಕೊಂಡರು. ಎಲ್ಲರೂ ಹಿಂದೆ ಲಕ್ವ ಹೊಡೆದವರು, ಇಲ್ಲವೇ 60 ದಾಟಿದ ಬಿಪಿ ರೋಗಿಗಳು. ಚೀಟಿ ಎತ್ತಿದ ಹಾಗೆ ಹಳ್ಳಿಗಳನ್ನು ಎರಡು ಪಾಲು ಮಾಡಿ, ಅರ್ಧದಷ್ಟು ಹಳ್ಳಿಗಳಿಗೆ ಬೇರೆ ಉಪ್ಪು ಕೊಟ್ಟರು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಾಮೂಲಿ ಸೋಡಿಯಂ ಕ್ಲೋರೈಡ್, ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಅದೇ, ಒಲೆ ಅದೇ, ಡಬ್ಬಿಯೊಳಗಿನ ಉಪ್ಪು ಮಾತ್ರ ಬೇರೆ. ಸುಮಾರು ಐದು ವರ್ಷ ಅವರನ್ನು ಹಿಂಬಾಲಿಸಿದರು. 2021ರಲ್ಲಿ ಫಲಿತಾಂಶ ಹೊರಬಿತ್ತು. ಹೊಸ ಉಪ್ಪಿನ ಹಳ್ಳಿಗಳಲ್ಲಿ ಲಕ್ವ ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆ. ಮೇಲಿನ ರಕ್ತದೊತ್ತಡ ಇಳಿದದ್ದು ಸರಾಸರಿ ಮೂರು ಅಂಕಿಯಷ್ಟೇ. ಒಬ್ಬರ ಚೀಟಿಯಲ್ಲಿ ಡಾಕ್ಟರೂ ಗಮನಿಸದಷ್ಟು ಚಿಕ್ಕ ಇಳಿಕೆ, ಊರಿಗೆ ಊರೇ ಇಳಿದಾಗ ಎಷ್ಟೊಂದು ಜೀವ ಉಳಿಸಿತು! ಆಹಾರದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ನಂಬಿಕೆ ಹುಟ್ಟಿಸಿದ್ದು ಹೆಚ್ಚಿಲ್ಲ.

ಕಾರಣವೂ ಗೊತ್ತಿದೆ. ಸೋಡಿಯಂ ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ. ಪೊಟ್ಯಾಸಿಯಂ ಆ ಸೋಡಿಯಂ ಮೂತ್ರದಲ್ಲಿ ಹೊರಹೋಗಲು ನೆರವಾಗುತ್ತದೆ. ಆದರೆ ಕಿಡ್ನಿ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಸೇರಿಕೊಂಡು ಹೃದಯದ ಬಡಿತವನ್ನೇ ಕೆಡಿಸಬಹುದು. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಹಾಗಾಗಿ ಡಾಕ್ಟರನ್ನು ಕೇಳದೆ ಇಂಥ ಉಪ್ಪನ್ನು ಮನೆಗೆ ತರಬೇಡಿ. ಸೊಪ್ಪು, ಕಾಳು, ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ ಇದೆ. ಕಿಡ್ನಿ ಚೆನ್ನಾಗಿರುವವರಿಗೆ ಅದು ಒಳ್ಳೆಯದೇ.

ಗುಲಾಬಿ ಬಣ್ಣದ ಸೈಂಧವ ಲವಣ ಹೃದಯಕ್ಕೆ ಹಿತ ಎಂದು ನಂಬಿ ದುಬಾರಿ ಬೆಲೆ ಕೊಡುವವರಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸಾಲದ್ದಕ್ಕೆ, ಅಯೋಡಿನ್ ಬೆರೆಸಿರದಿದ್ದರೆ ಗಳಗಂಡದ ಚಿಂತೆ ಬೇರೆ.

ಎಲ್ಲಿಂದ ಕಡಿಮೆ ಮಾಡುವುದು? ಸಾರು, ಹುಳಿಗೆ ಕೈಯಂದಾಜಿನಲ್ಲಿ ಉದುರಿಸುವ ಬದಲು ಚಮಚೆ ಇಟ್ಟುಕೊಳ್ಳಿ. ಚಪಾತಿ ಹಿಟ್ಟಿಗೆ, ಅನ್ನಕ್ಕೆ, ಮಜ್ಜಿಗೆಗೆ ಉಪ್ಪು ಬೇಕೇಬೇಕೆಂದಿಲ್ಲ. ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ದಿನವೂ ಬೇಡ. ಒಮ್ಮೆಲೇ ಕಡಿದರೆ ಊಟ ಸಪ್ಪೆಯೆಂದು ಮನೆಮಂದಿ ತಟ್ಟೆ ಸರಿಸುತ್ತಾರೆ. ವಾರಕ್ಕಿಷ್ಟು ತಗ್ಗಿಸುತ್ತ ಹೋಗಿ, ನಿಂಬೆಹುಳಿ, ಶುಂಠಿ, ಕರಿಬೇವು ಕೊಂಚ ಮುಂದೆ ಬರಲಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಂಡು, ಹಳೆಯ ಸಾರೇ ಉಪ್ಪುಪ್ಪೆನಿಸುತ್ತದೆ. ಅಷ್ಟರಲ್ಲಿ ಎರಡನೆಯ ಪೊಟ್ಟಣ ಒಡೆಯುವ ದಿನ ಬಂದಿರುತ್ತದೆ. ಹಳೆಯದನ್ನು ಎಸೆಯುವ ಮುನ್ನ ಎರಡು ತಾರೀಕುಗಳ ನಡುವೆ ಎಷ್ಟು ದಿನ ಕಳೆದವೆಂದು ಎಣಿಸಿ.