ನಿಮಗಿದು ಗೊತ್ತೆ? ಎರಡು ಹಾವುಗಳ ರೂಪ ತಳೆದ ಸಮುದಾಯ ಕೇಂದ್ರ

ಆಸ್ಟ್ರೇಲಿಯಾದ ನಡುಭಾಗದ ಕೆಂಪು ಮರುಭೂಮಿಯಲ್ಲಿ 348 ಮೀಟರ್ ಎತ್ತರಕ್ಕೆ ನಿಂತಿರುವ ಉಲೂರು ಬಂಡೆಯ ಸಮೀಪ, ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ನೆಲದ ನಂಟನ್ನೇ ವಿನ್ಯಾಸಕ್ಕೆ ಆಧಾರವಾಗಿಸಿಕೊಂಡ ಸಾಂಸ್ಕೃತಿಕ ಕೇಂದ್ರವೊಂದಿದೆ.

• 1985ರ ಅಕ್ಟೋಬರ್ 26ರಂದು ಸರ್ಕಾರವು ಈ ನೆಲದ ಒಡೆತನವನ್ನು ಅನಂಗು ಜನರಿಗೆ ಮರಳಿಸಿತು. ಅದಾಗಿ ಹತ್ತು ವರ್ಷಗಳಿಗೆ, 1995ರಲ್ಲಿ, ಈ ಕೇಂದ್ರವು ತೆರೆಯಿತು.

• ವಾಸ್ತುಶಿಲ್ಪಿ ಗ್ರೆಗರಿ ಬರ್ಜೆಸ್ ಅವರು ಅನಂಗು ಸಮುದಾಯದೊಂದಿಗೆ ಕಲೆತು, ಅವರ ಕಥೆಗಳನ್ನೂ ಚಿತ್ರಗಳನ್ನೂ ಅರಿತುಕೊಂಡು ಇದರ ವಿನ್ಯಾಸವನ್ನು ರೂಪಿಸಿದರು.

• ಬಾಗಿ ಬಳುಕುವ ಇಲ್ಲಿನ ಎರಡು ಕಟ್ಟಡಗಳು, ಅನಂಗು ಪುರಾಣದಲ್ಲಿ ಉಲೂರುವಿನ ಬುಡದಲ್ಲಿ ಕಾದಾಡಿದ ಕುನಿಯ ಎಂಬ ಹೆಬ್ಬಾವನ್ನೂ ಲಿರು ಎಂಬ ವಿಷಸರ್ಪವನ್ನೂ ಪ್ರತಿನಿಧಿಸುತ್ತವೆ.

• ಗೋಡೆಗಳಿಗೆ ಸ್ಥಳೀಯವಾಗಿ ತಯಾರಿಸಿದ ಮಣ್ಣಿನ ಇಟ್ಟಿಗೆಗಳನ್ನು ಬಳಸಿರುವುದರಿಂದ ಕಟ್ಟಡವು ಸುತ್ತಲಿನ ನೆಲದ ಬಣ್ಣದಲ್ಲಿಯೇ ಬೆರೆತುಹೋಗುತ್ತದೆ.

• ಸೃಷ್ಟಿಕಥೆ, ಧರ್ಮ, ನಡವಳಿಕೆಯ ಕಟ್ಟಳೆ ಮತ್ತು ಭೂಮಿಯ ಪಾಲನೆ ಇವೆಲ್ಲವನ್ನೂ ಒಳಗೊಂಡ ‘ಜುಕುರ್ಪ’ ಎಂಬ ಜ್ಞಾನಪರಂಪರೆಯನ್ನು ಇಲ್ಲಿ ಸಂದರ್ಶಕರಿಗೆ ಪರಿಚಯಿಸಲಾಗುತ್ತದೆ. ಆ ಜ್ಞಾನದ ಮೇಲಿನ ಗೌರವದಿಂದ ಕೇಂದ್ರದೊಳಗೆ ಛಾಯಾಗ್ರಹಣವನ್ನು ನಿಷೇಧಿಸಲಾಗಿದೆ.

• ಪವಿತ್ರವಾದ ಈ ಬಂಡೆಯನ್ನು ಹತ್ತಬಾರದೆಂದು ಅನಂಗು ಜನರು ದೀರ್ಘಕಾಲ ಮಾಡುತ್ತ ಬಂದ ವಿನಂತಿಯು ಕೊನೆಗೂ ಫಲಿಸಿ, 2019ರ ಅಕ್ಟೋಬರ್ 26ರಿಂದ ಆರೋಹಣವು ಶಾಶ್ವತವಾಗಿ ನಿಂತಿತು.

ನೆಲವನ್ನು ಬಲ್ಲವರ ಮಾತಿಗೆ ಕಿವಿಗೊಟ್ಟು ಕಟ್ಟಿದ ಸ್ಥಳವೇ ನಿಜವಾದ ಅರ್ಥದಲ್ಲಿ ಸಮುದಾಯದ್ದಾಗುತ್ತದೆ ಎಂಬುದಕ್ಕೆ ಈ ಕೇಂದ್ರವು ಸಾಕ್ಷಿಯಾಗಿದೆ.